ಖಂಡಪ್ಪ ಮಾಸ್ತರರ ಸಾಯದ ರಕ್ತ

1

ಮೊದಲ ವಾಕ್ಯದಲ್ಲೇ ಸಾವು ಎಂಬ ಶಬ್ದ ಬರಬೇಕೋ ಬೇಡವೋ ಎನ್ನುವಲ್ಲಿಯೇ ನಾನು ಸಿಕ್ಕಿಕೊಂಡಿದ್ದೇನೆ. (ಬಂದೇಬಿಟ್ಟಿತು, ನೋಡಿ. ಹೋಗಲಿ, ಒಂದು ತಲೆನೋವು ಕಳೆಯಿತು.)

ಈ ಕಥೆಗೆ ಮೂರು ಆರಂಭಗಳಿದ್ದವು. ಒಂದರಲ್ಲಿ ನಿವೃತ್ತ ಹೆಡ್‌ಮಾಸ್ತರ್ ಖಂಡಪ್ಪನವರು ಶಹಾಪುರದ ಒಂದು ಚಹಾದಂಗಡಿಯಲ್ಲಿ ಕುಳಿತು ತಮ್ಮ ರಕ್ತದ ಬಗ್ಗೆ ಭಾಷಣ ಮಾಡುತ್ತಿದ್ದರು. ಇನ್ನೊಂದರಲ್ಲಿ ಒಂದು ಪ್ರೋಟೀನು ತನ್ನ ಆತ್ಮಕಥೆ ಹೇಳುತ್ತಿತ್ತು. ಮೂರನೆಯದು ‘ಮಾನವ ದೇಹದಲ್ಲಿ ಅಸಂಖ್ಯ ಜೀವಕೋಶಗಳಿವೆ’ ಎಂದು ಶುರುವಾಗಿ, ಎರಡನೇ ಸಾಲಿಗೆ ಪಿಯುಸಿ ಗೈಡ್ ಆಗಿ, ಮೂರನೇ ಸಾಲಿಗೆ ನನಗೇ ಆಕಳಿಕೆ ತರಿಸಿತು. ಅದನ್ನು ಹರಿದುಹಾಕಿದೆ. (ಸುಳ್ಳು. ಬರೆಯುವುದು ಮೊಬೈಲಿನಲ್ಲಿ, ಡಿಲೀಟ್ ಒತ್ತಿದೆ. ಹರಿದುಹಾಕುವುದರಲ್ಲಿರುವ ಗತ್ತು ಡಿಲೀಟಿನಲ್ಲಿ ಎಲ್ಲಿ ಬರಬೇಕು?)

ಹಾಗಾಗಿ ಚಹಾದಂಗಡಿಯೇ ಇರಲಿ. ಅಂಗಡಿ ಯೂನುಸನದು. ಖಂಡಪ್ಪನವರೂ ಅವನೂ ಚಡ್ಡಿ ಹಾಕುವ ಕಾಲದಿಂದ ಗೆಳೆಯರು. ಹೊರಗೆ ಹತ್ತಿ ತುಂಬಿದ ಲಾರಿಗಳು ಹಾರ್ನ್ ಹೊಡೆಯುತ್ತಿವೆ, ಒಳಗೆ ಖಂಡಪ್ಪನವರು ಬಸಿಯಲ್ಲಿ ಚಹಾ ಆರಿಸುತ್ತಿದ್ದಾರೆ.

“ಯೂನುಸ, ನನ್ನ ರಕ್ತದಾಗಿನ ಕೋಶ ಸಾಯಂಗಿಲ್ಲಂತ.”

“ಅಂದ್ರ?”

“ಅಂದ್ರ ನಿನ್ನವು ಸಾಯ್ತಾವ. ಈ ಬೆಂಚಿನ ಮ್ಯಾಲ ಕುಂತ ಎಲ್ಲಾರವೂ ಸಾಯ್ತಾವ. ನನ್ನವು ಸಾಯಂಗಿಲ್ಲ. ಒಂದು ಪ್ರೋಟೀನ್ ಅದ, ಅದು ಕಾಯ್ತದ. ನನ್ನ ಮಗಳೇ ಹೇಳ್ಯಾಳ, ಸೈನ್ಸ್ ಲೆಕ್ಚರರ್ ಇದ್ದಾಳ ಆಕಿ.”

ಯೂನುಸ ಸ್ಟೋವಿನ ಉರಿ ಇಳಿಸಿದ. “ಹಂಗಾರ ನನ್ನ ಮಣ್ಣಿಗಿ ನೀ ಬರಾಂವ ಅನ್ನು. ಛಲೋ ಆತು ಬಿಡು ಮಾಸ್ತರ, ನಿನ್ನ ಮಣ್ಣಿಗಿ ಬರೂ ತ್ರಾಸ ನನಗ ತಪ್ಪಿತು.”

ಬೆಂಚಿನವರೆಲ್ಲ ನಕ್ಕರು. ಖಂಡಪ್ಪನವರೂ ನಕ್ಕರು. ಅಂದಿನಿಂದ ಅವರು ಬಂದೊಡನೆ ಯಾರಾದರೊಬ್ಬರು “ಬಂದ್ರಪ್ಪಾ, ಸಾಯಲಾರದವರು ಬಂದ್ರು. ಜಾಗ ಬಿಡ್ರಿ” ಎಂದು ಸರಿದು ಕೂರುವುದು ರೂಢಿಯಾಯಿತು.

2

ಇಲ್ಲಿಗೆ ನಿಲ್ಲಿಸಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸಿನಿಮಾದವರು ಇದಕ್ಕೆ ಫ್ಲ್ಯಾಶ್‌ಬ್ಯಾಕ್ ಅನ್ನುತ್ತಾರೆ. ಖಂಡಪ್ಪನವರ ಹೆಂಡತಿ ಸುಂದ್ರಮ್ಮ “ಮದ್ಲ ಏನಾತಂದ್ರ” ಅನ್ನುತ್ತಾರೆ. ನನಗೆ ಎರಡನೆಯದೇ ಇಷ್ಟ.

ಮೊದಲು ಏನಾಯಿತೆಂದರೆ, ಖಂಡಪ್ಪನವರ ಕುತ್ತಿಗೆಯ ಬದಿಗೆ ಗಂಟುಗಳೆದ್ದವು. ನೋವಿಲ್ಲ, ಜ್ವರವಿಲ್ಲ, ಸುಮ್ಮನೆ ದಣಿವು. ಮಗಳು ಪರಿಮಳಾ ಅವರನ್ನು ಕಲಬುರಗಿಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರ್ ಸುಮಂಗಲಾ ರಕ್ತ ನೋಡಿ, ಇದು ಬಿಳಿ ಕಣಗಳ ಕ್ಯಾನ್ಸರ್, ಆದರೆ ಬಹಳ ನಿಧಾನದ ಜಾತಿ, ಈಗ ಔಷಧವೇ ಬೇಡ, ನೋಡುತ್ತಾ ಹೋಗೋಣ ಎಂದರು. ಔಷಧ ಬೇಡದ ಕ್ಯಾನ್ಸರ್! ಖಂಡಪ್ಪನವರು ಅರ್ಧ ಹೆದರಿದರು, ಅರ್ಧ ಗೊಂದಲಕ್ಕೆ ಬಿದ್ದರು. ಮನೆಗೆ ಬರುವ ದಾರಿಯಲ್ಲಿ ಬಸ್ಸಿನ ಕಿಟಕಿಯಾಚೆ ನೋಡುತ್ತ ಒಂದೂ ಮಾತಾಡಲಿಲ್ಲ.

ಆ ಮೌನ ತಡೆಯಲಾಗದೆ ಪರಿಮಳಾ ಬಾಯಿಬಿಟ್ಟಳು. ಆಕೆ ಸುರಪುರದ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು; ಮೌನ ಕಂಡರೆ ಪಾಠ ಮಾಡುವುದು ಅವಳ ರೋಗ. (ಅವಳಿಗೆ ಗಂಡನೂ ಇದ್ದಾನೆ, ಬುದ್ಧಪ್ರಿಯ. ವಡಗೇರಾದಲ್ಲಿ ಗುಮಾಸ್ತ. ತವರೂ ಗಂಡನ ಮನೆಯೂ ಶಹಾಪುರದ ಒಂದೇ ಓಣಿ. ಒಳ್ಳೆಯ ಮನುಷ್ಯ, ಆದರೆ ಈ ಕಥೆಯಲ್ಲಿ ಅವನಿಗೆ ಕೆಲಸವಿಲ್ಲ. “ಒಂದು ಮಾತರ ಕೊಡ್ರಿ” ಎಂದು ಕೇಳಿದ್ದಾನೆ. ನೋಡೋಣ.)

“ಅಪ್ಪಾ, ಹೆದರಬ್ಯಾಡ. ನಿನ್ನ ರಕ್ತದಾಗ ಒಂದು ಪ್ರೋಟೀನ್ ಜಾಸ್ತಿ ಆಗ್ಯದ, ಇಷ್ಟೇ. ಬಿಸಿಎಲ್-ಟು ಅಂತ ಅದರ ಹೆಸರು. ಕೋಶ ಸಾಯಲಾರದಂಗ ಕಾಯೂದು ಅದರ ಕೆಲಸ.”

ಖಂಡಪ್ಪನವರು ಕಿಟಕಿಯಿಂದ ಮುಖ ತಿರುಗಿಸಿದರು. “ಕಾಯ್ತದ?”

“ಕಾಯ್ತದ.”

ಮುಂದಿನ ವಾಕ್ಯ ಅವಳ ನಾಲಿಗೆಯ ತುದಿಯಲ್ಲಿತ್ತು: ಹಾಗೆ ಕಾಯುವುದೇ ರೋಗ. ಅಷ್ಟರಲ್ಲಿ ಅಪ್ಪನ ಮುಖದ ಮೇಲೆ, ಗಂಟು ಎದ್ದಾಗಿನಿಂದ ಕಾಣದಿದ್ದ ಒಂದು ಬೆಳಕು ಕಂಡಿತು. ಆ ವಾಕ್ಯವನ್ನು ಮನೆಗೆ ಹೋಗಿ ಹೇಳಿದರಾಯಿತು ಅಂದುಕೊಂಡಳು. ಮನೆಯಲ್ಲಿ ಸುಂದ್ರಮ್ಮ ಮಜ್ಜಿಗೆ ಕೊಟ್ಟರು. ನಾಳೆ ಹೇಳಿದರಾಯಿತು ಅಂದುಕೊಂಡಳು. ನಾಳೆಗೆ ಖಂಡಪ್ಪನವರು ಆಗಲೇ ಯೂನುಸನ ಅಂಗಡಿ ಮುಟ್ಟಿದ್ದರು.

ಅವಳು ಹೇಳಿದ್ದು ಸುಳ್ಳಲ್ಲ, ಗಮನಿಸಿ. ಅಷ್ಟನ್ನೇ ಬರೆದಿದ್ದರೆ ಪರೀಕ್ಷೆಯಲ್ಲಿ ಅವಳೇ ಅರ್ಧ ಮಾರ್ಕು ಕೊಡುತ್ತಿದ್ದಳು.

3

ತಿಂಗಳುಗಳು ಕಳೆದವು. (ಕಥೆಗಾರರಿಗೆ ಎಷ್ಟು ಸುಲಭ ನೋಡಿ. ಪರಿಮಳಾಗೆ ಪ್ರತಿ ತಿಂಗಳೂ ಬಸ್ಸು, ಸೂಜಿ, ರಿಪೋರ್ಟು.) ಗಂಟುಗಳು ದೊಡ್ಡವಾದವು. ಹೊಟ್ಟೆಯ ಎಡಬದಿ ಬಿಗಿಯಾಯಿತು. ಎರಡು ತುತ್ತಿಗೆ ಹೊಟ್ಟೆ ತುಂಬಿತೆನ್ನುತ್ತಿದ್ದ ಖಂಡಪ್ಪನವರು ಅಂಗಡಿಯ ಮೆಟ್ಟಿಲು ಹತ್ತುವಾಗ ಕಂಬ ಹಿಡಿಯತೊಡಗಿದರು. ಡಾಕ್ಟರ್ ಸುಮಂಗಲಾ ಈ ಸಲ ಕಾದು ನೋಡೋಣ ಎನ್ನಲಿಲ್ಲ. ಒಂದು ಗುಳಿಗೆ ಕೊಟ್ಟು, ಇದೇ ವಾರ ಶುರು ಮಾಡಬೇಕು, ತಡ ಮಾಡಿದರೆ ಆಮೇಲೆ ಬರೀ ಗುಳಿಗೆಯಿಂದ ಮುಗಿಯುವುದಿಲ್ಲ ಎಂದರು.

“ಇದು ಏನು ಮಾಡ್ತದ?” ಮನೆಗೆ ಬಂದು ಖಂಡಪ್ಪನವರು ಕೇಳಿದರು.

ಪರಿಮಳಾ ಯೋಚಿಸದೆ ಹೇಳಿದಳು, “ಆ ಪ್ರೋಟೀನನ್ನ ನಿಲ್ಲಿಸ್ತದ.”

“ಯಾವುದನ್ನ? ಕಾಯೂದನ್ನ?”

“...ಹೌದು.”

ಖಂಡಪ್ಪನವರು ಗುಳಿಗೆಯ ಡಬ್ಬಿಯನ್ನು ಗೋಡೆಯ ಗೂಡಿನಲ್ಲಿಟ್ಟರು. ಗೂಡಿನ ಮೇಲೆ ಬುದ್ಧನ ಫೋಟೋ, ಪಕ್ಕದಲ್ಲಿ ಬಾಬಾಸಾಹೇಬರದು. “ನನ್ನ ಕಾಯೂದನ್ನ ನಿಲ್ಲಿಸೂ ಗುಳಿಗಿ ನಾ ಯಾಕ ನುಂಗಲಿ? ಹುಚ್ಚ ಏನು ನಾ?”

ಇದು ಕಥೆಯ ಗಂಟು. ಕುತ್ತಿಗೆಯದಲ್ಲ, ಇದು. ಅವರು ನುಂಗದಿದ್ದರೆ ಪರಿಮಳಾಗೆ ಅಪ್ಪ ಉಳಿಯುವುದಿಲ್ಲ.

4 (ಕೈಬಿಟ್ಟದ್ದು)

ಈ ಭಾಗದಲ್ಲಿ ಸುಂದ್ರಮ್ಮ ಗುಳಿಗೆಯನ್ನು ಶೇಂಗಾದ ಉಂಡೆಯೊಳಗೆ ಹುದುಗಿಸಿ ಗಂಡನಿಗೆ ತಿನ್ನಿಸುತ್ತಿದ್ದರು. ಚೆನ್ನಾಗಿ ಬಂದಿತ್ತು. ಹಾಸ್ಯವಿತ್ತು, ಶೇಂಗಾ ಹುರಿದ ವಾಸನೆ ಇತ್ತು, ದಾಂಪತ್ಯದ ಮಾಧುರ್ಯವಿತ್ತು. ಸುಂದ್ರಮ್ಮ ಒಪ್ಪಲಿಲ್ಲ.

“ಏ ತಂಗಿ, ಬರಿಯಾಕಿ,” ಎಂದರು ನನಗೆ. “ನನ್ನ ಕೈಲೆ ಇಂಥದ್ದು ಮಾಡಸಬ್ಯಾಡ. ಇಷ್ಟು ವರ್ಷ ಅವರಿಗಿ ಬಯ್ದು ಉಣ್ಣಿಸೀನಿ, ಜಗಳ ಮಾಡಿ ಉಣ್ಣಿಸೀನಿ. ಕಣ್ಣಾಗ ಮಣ್ಣು ಹಾಕಿ ಉಣ್ಣಿಸಿಲ್ಲ.”

“ಕಥೆ ಮುಂದಕ್ಕೆ ಹೋಗಬೇಕಲ್ಲ, ಅವ್ವಾ.”

“ಹೋಗಲಾರದಿದ್ರ ನಿಂದರಲಿ. ಉಂಡಿ ಆದ್ರ ಬರೇ ಉಂಡಿ ಮಾಡ್ತೀನಿ, ನೀನೂ ಒಂದು ತಿನ್ನು.”

ಡಿಲೀಟ್. (ಉಂಡೆ ಮಾತ್ರ ಚೆನ್ನಾಗಿತ್ತು.)

5

ಖಂಡಪ್ಪನವರೂ ಸುಮ್ಮನಿರಲಿಲ್ಲ. ಮೂರನೇ ಭಾಗ ಓದಿ ನೇರ ನನ್ನ ಮೇಲೇ ಬಂದರು.

“ನಾ ಹೆದರಿ ಬ್ಯಾಡ ಅಂದಂಗ ಬರದೀಯಲ್ಲ? ಓದಿದ ಮಂದಿ ನನ್ನ ಏನಂದಾರು? ನಾ ಹೆದರಿಲ್ಲ. ನನಗ ತಿಳೀಲಾರದ್ದಕ್ಕ ಬ್ಯಾಡ ಅಂದೀನಿ. ಒಂದನೇತ್ತದಿಂದ ಏಳನೇತ್ತದ ತನಕ ಹುಡ್ರಿಗಿ ಏನು ಕಲಿಸೀನಿ? ಯಾರೋ ಹೇಳಿದ್ರಂತ ನಂಬಬ್ಯಾಡ್ರಿ, ಹಿರ್ಯಾರು ಹೇಳಿದ್ರಂತ ನಂಬಬ್ಯಾಡ್ರಿ, ನಾ ಹೇಳಿದೆ ಅಂತನೂ ನಂಬಬ್ಯಾಡ್ರಿ, ನೋಡ್ರಿ, ಕೇಳ್ರಿ, ತಿಳೀತಂದ್ರ ಹಿಡೀರಿ. ಈಗ ಮುಪ್ಪಿನ ಕಾಲಕ್ಕ ನಾನೇ ಕಣ್ಣು ಮುಚ್ಚಿ ಬಾಯಿ ತಗೀಲೇನು?”

“ಆದರೆ ಮಾಸ್ತರರೇ, ಸಾಯುವುದಿಲ್ಲ ಎಂಬುದನ್ನು ಮಾತ್ರ ಕೇಳಿದ ತಕ್ಷಣ ನಂಬಿದಿರಿ?”

ಅವರು ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿದರು. “ಅದು... ಮಗಳು ಹೇಳಿದ್ಲು.”

ಅಷ್ಟು ಹೇಳಿ ಹೊರಟುಹೋದರು. ನನಗೂ ಮುಂದೆ ಕೇಳುವ ಮನಸ್ಸಾಗಲಿಲ್ಲ.

(ಒಂದು ನಿಮಿಷ. ನಮ್ಮ ಮನೆಯ ಟಿಫಿನ್ ಡಬ್ಬಿಗಳನ್ನು ತೊಳೆದಿಟ್ಟು ಬಂದೆ. ಇಲ್ಲದಿದ್ದರೆ ಬೆಳಿಗ್ಗೆ ಪಾತ್ರಗಳಿಗಿಂತ ಜೋರಾಗಿ ಜಗಳವಾಡುವವರು ಇಲ್ಲಿದ್ದಾರೆ.)

6

ಪ್ರೋಟೀನಿಗೂ ಒಂದು ಅವಕಾಶ ಕೊಡುತ್ತೇನೆಂದು ಅದರ ಆತ್ಮಕಥೆ ಕೈಬಿಟ್ಟಾಗಲೇ ಒಪ್ಪಿಕೊಂಡಿದ್ದೆ. ಅವನನ್ನು ಈ ಕಥೆಯ ಖಳನಾಯಕನನ್ನಾಗಿ ಮಾಡುವುದು ನನ್ನ ಯೋಜನೆಯಾಗಿತ್ತು. ದಪ್ಪ ಮೀಸೆ, ಕೆಂಪು ಕಣ್ಣು, ಹಿನ್ನೆಲೆಯಲ್ಲಿ ಡ್ರಮ್ಮು.

“ನಾ ಯಾರನ್ನ ಕೊಂದೀನಿ, ತೋರಸ್ರಿ,” ಎಂದ ಬಿಸಿಎಲ್-ಟು.

“ಅದೇ ದೂರು. ಯಾರನ್ನೂ ಸಾಯಗೊಡುತ್ತಿಲ್ಲ ನೀನು.”

“ಕಾಯಿ ಅಂದ್ರು, ಕಾಯ್ದೆ. ಎಲ್ಲೀತನ ಕಾಯಬೇಕಂತ ಯಾರೂ ಹೇಳಲಿಲ್ಲ. ಹೊಟ್ಟ್ಯಾಗಿನ ಕೂಸಿಗೂ ನಾ ಬೇಕು, ಮೈಯಾಗ ಹಳೇ ರೋಗದ ನೆನಪು ಹಿಡಿಯೂ ಬಿಳಿ ಕಣಕ್ಕೂ ನಾ ಬೇಕು. ನಿಮ್ಮ ಮೈಯಾಗೂ ಅದೀನಿ, ಮರೀಬ್ಯಾಡ್ರಿ. ಮಾಸ್ತರನ ಮೈಯಾಗ ನನ್ನ ಲೆಕ್ಕಕ್ಕಿಂತ ಜಾಸ್ತಿ ಮಾಡಿ ನಿಂದರಸಿದ್ರು. ಅದು ನನ್ನ ತಪ್ಪೇನ್ರಿ?”

ಮೀಸೆ ತೆಗೆದೆ. ಡ್ರಮ್ಮು ನಿಲ್ಲಿಸಿದೆ. ಓದುಗರೇ, ಈ ಕಥೆಯಲ್ಲಿ ಖಳನಾಯಕ ಇಲ್ಲ. ಇದರಿಂದ ನಿಮಗಾದ ಅನಾನುಕೂಲಕ್ಕೆ ವಿಷಾದವಿದೆ.

7

ಪರಿಮಳಾ ಭಾನುವಾರ ಮಧ್ಯಾಹ್ನ ಫಕೀರಸಾಬನ ಝೆರಾಕ್ಸ್ ಅಂಗಡಿಯಿಂದ ಒಂದು ಬಣ್ಣದ ಚಿತ್ರ ಮಾಡಿಸಿಕೊಂಡು ಬಂದಳು. ಬಿಸಿಎಲ್-ಟು ಪ್ರೋಟೀನಿನ ಚಿತ್ರ, ಹರಳಿನಿಂದ ಕಂಡುಹಿಡಿದದ್ದು. ತರಗತಿಯಲ್ಲಿ ತಪ್ಪು ಹೇಳಿದರೆ ಮರುದಿನ ತಿದ್ದಬಹುದು. ಈ ತರಗತಿಗೆ ಮರುದಿನ ಇತ್ತೋ ಇಲ್ಲವೋ.

ಅಂಗಳದ ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಖಂಡಪ್ಪನವರು ಕೂತಿದ್ದರು. ಚಿತ್ರವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು, ತಲೆಕೆಳಗೆ ಮಾಡಿದರು.

“ಇದೇನವ್ವಾ? ಜಿಲೇಬಿ ಮಾಡಾಂವ ಹೊಸಬ ಇದ್ದಂಗ ಕಾಣ್ತದ.”

“ಸುರುಳಿ ಅವು, ಅಪ್ಪಾ. ಪ್ರೋಟೀನು ಹಿಂಗ ಸುರುಳಿ ಸುರುಳಿ ಸುತಗೊಂಡು ಗಂಟಾಗಿರ್ತದ.”

“ಯಾರು ನೋಡ್ಯಾರ?”

ಇದೇ ಪ್ರಶ್ನೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. “ಸಾದಾ ಮೈಕ್ರೋಸ್ಕೋಪಿಗಿ ಕಾಣಂಗಿಲ್ಲ, ಅಷ್ಟು ಸಣ್ಣದು. ಅದಕ್ಕ ಹರಳು ಮಾಡ್ತಾರ. ಅಪ್ಪಾ, ನಿನ್ನ ಸಾಲ್ಯಾಗ ಪ್ರಾರ್ಥನಿ ಹೊತ್ತಿಗಿ ಒಂದೇ ಹುಡುಗಿ ಹಾಡಿದ್ರ ರೋಡಿಗಿ ಕೇಳ್ತಿತ್ತೇನು?”

“ಎಲ್ಲಿ ಕೇಳ್ತದ? ಮುಂದ ನಿಂತಾಂವಗೇ ಕೇಳಂಗಿಲ್ಲ.”

“ಸಾಲಾಗಿ ನಿಂತು ಎಲ್ಲಾರೂ ಒಂದೇ ಸ್ವರದಾಗ ಹಾಡಿದ್ರ?”

“ಭೀಮರಾಯನಗುಡಿ ತನಕ ಕೇಳ್ತದ!”

“ಹಂಗ. ಒಂದೇ ನಮೂನಿ ಪ್ರೋಟೀನುಗೋಳು ಕೋಟಿಗಟ್ಲೆ, ಒಂದೇ ಕಡಿ ಮಾರಿ ಮಾಡಿ ಸಾಲಾಗಿ ನಿಂತ್ರ ಅದು ಹರಳು. ಉಪ್ಪಿನ ಹರಳು ಇದ್ದಂಗ, ಆದ್ರ ಭಾಳ ನಾಜೂಕು. ಅದರ ಮ್ಯಾಲ ಎಕ್ಸ್‌ರೇ ಬಿಡ್ತಾರ. ಕಿರಣ ಚೆದರಿ ಆ ಕಡಿ ಚುಕ್ಕಿ ಚುಕ್ಕಿ ಬೀಳ್ತಾವ. ಆ ಚುಕ್ಕಿ ಲೆಕ್ಕ ಮಾಡಿ ಆಕಾರ ತಗೀತಾರ.”

“ಚುಕ್ಕಿ ಇಟ್ಟು ರಂಗೋಲಿ ತಗದಂಗ ಅನ್ನು,” ಎಂದರು ಸುಂದ್ರಮ್ಮ, ಮೊರದಲ್ಲಿ ಜೋಳ ಹಸನು ಮಾಡುತ್ತ.

“ನೀ ಸುಮ್ಮಿರಾ. ಕ್ಲಾಸ್ ನಡದದ,” ಎಂದರು ಖಂಡಪ್ಪ. ಆಮೇಲೆ ಮಗಳತ್ತ ತಿರುಗಿ, “ಒಂದು ಮಾತು. ನಾ ಸಾಲಿ ನಿಂದರಸಿದಾಂವ. ಯಾವ ಸಾಲಿನ್ಯಾಗರ ಒಬ್ಬ ಇದ್ದೇ ಇರ್ತಾನ, ನಿಂತಲ್ಲಿ ನಿಂದರಲಾರದಾಂವ. ಅವನ್ನೇನು ಮಾಡಿದ್ರು?”

ಇದು ಸಿಲಬಸ್ಸಿನಲ್ಲಿಲ್ಲ. ಇದನ್ನು ಹೇಳಿದರೆ ಅಪ್ಪ ಚಿತ್ರವನ್ನು ಮಡಚಿ ಕೈಗೆ ಕೊಡಬಹುದು. ಹೇಳದೆಯೂ ಇರಬಹುದು, ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. (ಇಲ್ಲಿ ನಾನು ಮೊಬೈಲಿನ ಮೇಲೆ ಬೆರಳೆತ್ತಿ ಕೂತಿದ್ದೆ. ಏನು ಹೇಳಿಸಬೇಕೆಂದು ನನಗೂ ಗೊತ್ತಿರಲಿಲ್ಲ. ಅವಳೇ ಹೇಳಿದಳು.)

“ಇದರಾಗೂ ಇತ್ತಪ್ಪಾ. ಒಂದು ಉದ್ದನ ಕುಣಿಕಿ, ಹಿಂದೊಂದು ಬಾಲ. ಅವು ಅಲುಗಾಡತಿದ್ದವು, ಹರಳು ಕಟ್ಟಗೊಡತಿದ್ದಿಲ್ಲ. ಅವನ್ನ ತಗದು, ಬ್ಯಾರೆ ತುಂಡು ಜೋಡಿಸಿದ ಮ್ಯಾಲ ಹರಳು ಕಟ್ಟಿತು.”

“ಅಂದ್ರ ಈ ಚಿತ್ರ ಪೂರ್ತಿ ಅಲ್ಲ.”

“ಪೂರ್ತಿ ಅಲ್ಲ.”

ಖಂಡಪ್ಪನವರು ಚಿತ್ರವನ್ನು ಮಡಚಲಿಲ್ಲ. ಹೊರಸಿನ ಮೇಲೆ ಹರಡಿ, ಗಾಳಿಗೆ ಹಾರದಂತೆ ಅಂಚಿಗೆ ತಮ್ಮ ಕನ್ನಡಕದ ಡಬ್ಬಿ ಇಟ್ಟರು. “ಹೂಂ. ಮುಂದ ಹೇಳು.”

“ಇಲ್ಲಿ ಮ್ಯಾಲ ಒಂದು ಸಂದಿ ಕಾಣ್ತದ, ನೋಡು. ಇದರ ಜೀವೆಲ್ಲ ಈ ಸಂದ್ಯಾಗ ಅದ. ಕೋಶ ಮುಪ್ಪಾದ್ರ, ಕೆಟ್ಟೋದ್ರ, ‘ಸಾಕು, ನಡಿ’ ಅಂತ ಹೇಳೂ ಬ್ಯಾರೆ ಪ್ರೋಟೀನು ಇರ್ತಾವ. ಇದು ಅವನ್ನ ಈ ಸಂದ್ಯಾಗ ಹಿಡಕೊಂಡು ಬಿಡ್ತದ.”

“ತಡಿ, ತಡಿ. ನಾ ಹೇಳ್ತೀನಿ.” ಅವರು ಕೈ ಎತ್ತಿದರು, ಕರಿಹಲಗೆಯ ಮುಂದೆ ನಿಂತವರಂತೆ. “ಸಾಲಿ ಬಿಡೂ ಹೊತ್ತಾಗ್ಯದ. ಗಂಟಿ ಹೊಡಿಯಾಂವ ಎದ್ದಾನ. ಇಂವ ಹೋಗಿ ಅವನ ಕೈ ಹಿಡಕೊಂಡು ಕುಂತಾನ. ಗಂಟಿ ಇಲ್ಲ, ಹುಡ್ರು ಮನಿಗಿ ಹೋಗವಲ್ಲವು. ಮರುದಿನ ಹೊಸಾ ಹುಡ್ರು ಬಂದ್ವು, ಕುಂದ್ರಾಕ ಜಾಗ ಇಲ್ಲ. ಅದರ ಮರುದಿನ ಮತ್ತಷ್ಟು. ಸಾಲಿ ಗ್ವಾಡಿ ಬಿರೀತದ.” ಅವರ ಕೈ ತಾನಾಗಿಯೇ ಕುತ್ತಿಗೆಯ ಗಂಟಿನ ಮೇಲೆ ಹೋಗಿ ನಿಂತಿತು. “ಹೌದಿಲ್ಲ?”

ಪರಿಮಳಾ ಹೌದೆಂದು ತಲೆಯಾಡಿಸಿದಳು.

“ಗುಳಿಗಿ ಹೋಗಿ ಇವನ ಕಪಾಳಕ್ಕ ಹೊಡೀತದೇನು?”

“ಹೊಡಿಯಂಗಿಲ್ಲ. ಈ ಸಂದ್ಯಾಗ ಬರೋಬ್ಬರಿ ಕುಂದ್ರುವಂಗ ಅದನ್ನ ಮಾಡ್ಯಾರ, ಇಂಥಾ ಚಿತ್ರ ಮುಂದ ಇಟಗೊಂಡೇ. ತಾನೇ ಹೋಗಿ ಇವನ ಮುಷ್ಟ್ಯಾಗ ಕುಂದರ್ತದ. ಮುಷ್ಟಿ ತುಂಬಿತು. ಗಂಟಿ ಹೊಡಿಯಾನ ಕೈ ಖುಲ್ಲಾ ಆತು.”

“ಛಲೋ ಇರೋ ಹುಡ್ರನ್ನೂ ಮನಿಗಿ ಕಳಸ್ತದೇನು?”

“ಸ್ವಲ್ಪ ಕಳಸ್ತದ. ಛಲೋ ಬಿಳಿ ಕಣನೂ ಇಳೀತಾವ. ಜ್ವರ ಬರಬಹುದು, ಹುಷಾರಿರಬೇಕು. ಮತ್ತ, ಒಮ್ಮಿಗೇ ಭಾಳ ಕೋಶ ಸತ್ರ ಆ ಹೊಲಸು ತೊಳಿಯೂದು ಕಿಡ್ನಿಗಿ ಭಾರ ಆಗ್ತದ. ಅದಕ್ಕ ಸಣ್ಣ ಗುಳಿಗಿಯಿಂದ ಶುರು ಮಾಡಿ ವಾರ ವಾರ ಏರಸ್ತಾರ. ನೀರು ಭಾಳ ಕುಡೀಬೇಕು.”

“ಗ್ಯಾರಂಟಿ?”

“ಭಾಳ ಮಂದಿಗಿ ಛಲೋ ಆಗ್ಯದ ಅಪ್ಪಾ. ಗ್ಯಾರಂಟಿ ಅಂತ ನಾ ಹೇಳಂಗಿಲ್ಲ.”

ಸುಂದ್ರಮ್ಮನ ಮೊರ ನಿಂತಿತ್ತು. ಖಂಡಪ್ಪನವರು ಚಿತ್ರದಿಂದ ಕಣ್ಣು ತೆಗೆಯದೆ ಕೇಳಿದರು. “ಇದು ಅವತ್ತೇ ಬಸ್ಸಿನ್ಯಾಗ ಯಾಕ ಹೇಳಲಿಲ್ಲ ನೀ?”

“ನಿನ್ನ ಮಾರಿ ನೋಡಿ ಹೇಳಾಕಾಗಲಿಲ್ಲ.”

“ಹುಚ್ಚಿ. ಊರ ಮುಂದ ನನ್ನ ಅಮರ ಮಾಡಿಟ್ಟಿ.” ಅವರಿಗೆ ಸಿಟ್ಟು ಬಂದಿತ್ತೋ ನಗು ಬಂದಿತ್ತೋ ಪರಿಮಳಾಗೆ ತಿಳಿಯಲಿಲ್ಲ. ಅವರಿಗೂ ತಿಳಿದಂತೆ ಕಾಣಲಿಲ್ಲ. “ತಗೋತೀನಿ. ಗ್ಯಾರಂಟಿ ಅಂದಿದ್ರ ತಗೋತಿದ್ದಿಲ್ಲ. ಆದ್ರ ಒಂದು ಕೆಲಸ ನೀ ಮಾಡಬೇಕು. ಯೂನುಸಗ ನೀನೇ ಹೋಗಿ ಹೇಳು. ನನಗ ನಾಚಿಕಿ.”

8

(ಇಲ್ಲಿ ಮುಗಿಸಬಹುದಿತ್ತು. ಬಹಳ ಕಥೆಗಾರರು ಇಲ್ಲಿ ಮುಗಿಸಿ, ಬೇವಿನ ಒಂದು ಎಲೆ ಉದುರಿಸಿ, ಚಪ್ಪಾಳೆ ಗಿಟ್ಟಿಸಿಕೊಳ್ಳುತ್ತಿದ್ದರು. ಆದರೆ ಗುಳಿಗೆ ಇನ್ನೂ ಡಬ್ಬಿಯಲ್ಲೇ ಇದೆ, ಓದುಗರೇ. ಒಪ್ಪಿಕೊಂಡದ್ದನ್ನು ನುಂಗಿದ್ದೆಂದು ಲೆಕ್ಕ ಹಿಡಿಯಲಾಗದು.)

ಪರಿಮಳಾ ಯೂನುಸನ ಅಂಗಡಿಯ ಮುಂದೆ ನಿಂತಳು. ಹೆಣ್ಣುಮಕ್ಕಳು ಕೂರುವ ಬೆಂಚಲ್ಲ ಅದು. ಯೂನುಸನೇ ಹೊರಗೆ ಬಂದ, ಕೈಯಲ್ಲಿ ಸೋಸುವ ಬಟ್ಟೆ.

“ಕಾಕಾ, ಅಪ್ಪ ಹೇಳಿದ್ದಿತ್ತಲ್ಲ, ರಕ್ತದ್ದು...”

“ಹೂಂ, ಸಾಯಲಾರದ್ದು.”

“ಅದು ಹಂಗಲ್ಲ ಕಾಕಾ. ಅದೇ ಅವರ ರೋಗ. ನಾ ಅರ್ಧ ಹೇಳಿದ್ದೆ. ನಾಳೆಯಿಂದ ಗುಳಿಗಿ ತಗೋತಾರ.”

ಯೂನುಸ ಸೋಸುವ ಬಟ್ಟೆಯನ್ನು ಹಿಂಡಿದ. “ಗೊತ್ತದವ್ವಾ. ಮೆಟ್ಟಲು ಹತ್ತೂದು ನಾ ನೋಡವಲ್ಲೆನೇನು? ಅವ ಖುಷಿಲೆ ಹೇಳ್ತಿದ್ದ, ನಾ ಖುಷಿಲೆ ಕೇಳ್ತಿದ್ದೆ. ಬೆಂಚಿಗೆಲ್ಲ ಗೊತ್ತದ.” ಆಮೇಲೆ ಒಳಗೆ ತಿರುಗಿ ಕೂಗಿದ, “ಏ, ನಾಳೆಯಿಂದ ಮಾಸ್ತರ ಬಂದ್ರ ಅವರ ಸನೇಕ ಯಾರೂ ಬೀಡಿ ಹಚ್ಚಬಾರದು! ಕೆಮ್ಮು ಇದ್ದಾಂವ ಆಚಿ ಕಡಿ ಕುಂದ್ರಬೇಕು!”

ಪರಿಮಳಾ ಮನೆಯ ದಾರಿ ಹಿಡಿದಾಗ ಅವಳ ಕಾಲುಗಳು ಹಗುರವಾಗಿದ್ದವು. ಇಷ್ಟು ತಿಂಗಳು ಆ ಬೆಂಚಿನವರು ಅವಳ ಅಪ್ಪನನ್ನು ನಂಬಿದ್ದರೆಂದು ಅವಳು ತಿಳಿದಿದ್ದಳು. ಅವರು ನಂಬಿರಲಿಲ್ಲ, ಸರಿದು ಜಾಗ ಬಿಟ್ಟಿದ್ದರು.

9

ಖಂಡಪ್ಪನವರು ಮರುದಿನದಿಂದಲೇ ನುಂಗಲಿಲ್ಲ. ಮೊದಲು ಎರಡು ದಿನ ನೀರು ಕುಡಿಯಬೇಕೆಂದು ಡಾಕ್ಟರ್ ಹೇಳಿದ್ದರು. ಮನೆಯಲ್ಲಿ ನೀರಿನದೇ ಜಾತ್ರೆ. ಸುಂದ್ರಮ್ಮ ತಂಬಿಗೆ ಹಿಡಿದು ಬೆನ್ನು ಹತ್ತಿದರು. ಬುದ್ಧಪ್ರಿಯ ವಡಗೇರಾದಿಂದ ಬಂದವನೇ ಚಪ್ಪಲಿ ಬಿಡುವ ಮುಂಚೆ, “ಮಾವ, ನೀರು!” ಎಂದ. (ಕೊಟ್ಟೆನಲ್ಲ, ಒಂದು ಮಾತು.)

ಆಮೇಲೆ ಒಂದು ಬೆಳಿಗ್ಗೆ, ರೊಟ್ಟಿ ತಿಂದು, ಖಂಡಪ್ಪನವರು ಗುಳಿಗೆಯನ್ನು ಅಂಗೈ ಮೇಲಿಟ್ಟುಕೊಂಡರು. ಒಂದು ಸಣ್ಣ ಹಳದಿ ಗುಳಿಗೆ. ಬಾಯಿಗೆ ಹಾಕಿಕೊಂಡು ನೀರು ಕುಡಿದರು.

ಪರಿಮಳಾ ಅವರ ಗಂಟಲನ್ನೇ ನೋಡುತ್ತಿದ್ದಳು. ನುಂಗಿದ್ದು ಕಂಡಿತು. ಅವಳ ಕಣ್ಣಿಗೆ ಮಾತ್ರ, ಆ ಗಂಟಲಿನಿಂದ ಇನ್ನೂ ಕೆಳಗೆ, ರಕ್ತದ ಒಂದು ಕಣದೊಳಗೆ, ಒಂದು ಸಂದಿಗೆ ಏನೋ ಹೋಗಿ ಕೂತದ್ದೂ ಕಂಡಂತಾಯಿತು. ಯಾವ ಹರಳಿನಲ್ಲೂ ಕಾಣದ್ದು.

10

ಈಗ ಮುಕ್ತಾಯಗಳು. ಆರಿಸಿಕೊಳ್ಳಿ.

ಅ. ರಿಪೋರ್ಟು ಬಂತು, ಎಲ್ಲ ನೆಟ್ಟಗಾಯಿತು, ಖಂಡಪ್ಪನವರು ಅಂಗಡಿಯಲ್ಲಿ ಎಲ್ಲರಿಗೂ ಚಹಾ ಕುಡಿಸಿದರು. (ಇದು ಪರಿಮಳಾಗೆ ಬೇಕು. ನನಗೂ.)

ಆ. ಗುಳಿಗೆ ಕೆಲವು ವರ್ಷ ಕೆಲಸ ಮಾಡಿತು. ಆಮೇಲೆ ಸಂದಿ ತನ್ನ ಆಕಾರ ಬದಲಿಸಿತು. ಅಷ್ಟರಲ್ಲಿ ಇನ್ಯಾರೋ ಇನ್ನೆಲ್ಲೋ ಆ ಹೊಸ ಆಕಾರವನ್ನೂ ಹರಳು ಮಾಡಿ, ಹೊಸ ಗುಳಿಗೆ ಕಡೆಯತೊಡಗಿದ್ದರು. (ಇದು ಹೆಚ್ಚು ನಿಜದ ಹತ್ತಿರ. ಉದ್ದವಾಗುತ್ತದೆ.)

ಇ. ಇದನ್ನು ಬರೆದೆ, ಓದಿದೆ, ಡಿಲೀಟ್ ಮಾಡಿದೆ. ಕೇಳಬೇಡಿ.

“ಎಷ್ಟು ಎಳೀತಿ ತಂಗಿ?” ಖಂಡಪ್ಪನವರು ಮತ್ತೆ ಬಂದರು. “ನಿನ್ನ ಕಥಿಗೂ ನನ್ನ ರೋಗನೇ ಬಂದಂಗದ. ಸಾಯೂದು ಮರತದ.”

“ಹಾಗಾದರೆ ಮುಗಿಸಲೇ?”

“ನನ್ನ ಮುಗಸಬ್ಯಾಡ. ಕಥಿ ಮುಗಸು.”

ಎರಡನ್ನೂ ಬೇರೆ ಬೇರೆ ಮಾಡುವುದು ಹೇಗೆಂದು ನನಗಿನ್ನೂ ತಿಳಿದಿಲ್ಲ. ಆದ್ದರಿಂದ ಹೀಗೆ ಮಾಡುತ್ತೇನೆ.

11

ಗುಳಿಗೆ ನುಂಗಿದ ದಿನವೇ ಮಧ್ಯಾಹ್ನ ಯಾದಗಿರಿಯ ಲ್ಯಾಬಿನಲ್ಲಿ ರಕ್ತ ಕೊಡಬೇಕಿತ್ತು. ಕೋಶಗಳು ಸಾಯತೊಡಗಿವೆಯೇ, ಕಿಡ್ನಿ ಆ ಹೊಲಸು ತೊಳೆಯುತ್ತಿದೆಯೇ ಎಂದು ನೋಡಲು. ಅಪ್ಪ ಮಗಳು ಶಹಾಪುರದಲ್ಲಿ ಬಸ್ಸು ಹತ್ತಿದರು. ದೋರನಹಳ್ಳಿ ದಾಟಿತೋ ಇಲ್ಲವೋ, ಖಂಡಪ್ಪನವರು ಎದ್ದು ನಿಂತರು.

“ಬಸ್ ನಿಂದರಸ್ರಿ!”

“ಮತ್ತೇನ್ರಿ ಯಜಮಾನ್ರ?” ಕಂಡಕ್ಟರ್ ಸಿಡುಕಿದ. “ಈಗರ ಆ ಹಳ್ಳದ ಹತ್ರ ಇಳದಿದ್ರಲ್ಲ?”

“ಅದು ಆವಾಗ. ಇದು ಈಗ. ಡಾಕ್ಟರ್ ಆರ್ಡರ್ ಅದ, ನೀ ಯಾರು ಕೇಳಾಕ?”

ಬಸ್ಸು ನಿಂತಿತು. ಖಂಡಪ್ಪನವರು ಇಳಿದು, ಧೋತರ ಎತ್ತಿ ಹಿಡಿದು, ಭತ್ತದ ಗದ್ದೆಯ ಬದುವಿನ ಮೇಲೆ ದೂರ ನಡೆದು ಬಸ್ಸಿಗೆ ಬೆನ್ನು ಮಾಡಿ ನಿಂತರು. ಪರಿಮಳಾ ಕಿಟಕಿಯಿಂದ ಮುಖ ತಿರುಗಿಸಿದಳು. ಹೀಗೆ ನಿಂತಷ್ಟೂ ಒಳ್ಳೆಯದೆಂದು ಅವಳಿಗೆ ಗೊತ್ತು. ಒಳಗೆ ಗಂಟೆ ಹೊಡೆದಿದ್ದರೆ, ಮನೆಗೆ ಹೊರಟವರೆಲ್ಲ ಇದೇ ದಾರಿಯಲ್ಲಿ ಹೋಗಬೇಕು. ಅವಳಿಗೆ ನಗು ಬಂತು. ಸೆರಗು ಬಾಯಿಗೊತ್ತಿಕೊಂಡಳು. ನಗು ನಿಲ್ಲಲಿಲ್ಲ.

“ಏ ಅವ್ವಾ, ನಿಮ್ಮಪ್ಪೇನು ಕಾಲುವಿ ಬಿಟ್ಟಾನೇನು?” ಎಂದಳು ಹಿಂದಿನ ಸೀಟಿನಲ್ಲಿ ಸೊಪ್ಪಿನ ಗಂಟು ಮಡಿಲಲ್ಲಿಟ್ಟುಕೊಂಡ ಹೆಂಗಸು. ಆಮೇಲೆ ನನ್ನ ಕಡೆ ತಿರುಗಿದಳು. “ಮತ್ತ ನೀ ಯಾಕ ಸುಮ್ಮ ಕುಂತಿ? ಬರಿಯಾಕಿ ನೀನಲ್ಲ? ಬಸ್ ಬಿಡಸು, ಸಂತಿಗಿ ಹೋಗಬೇಕು ನಾ.”

ಬಿಡಿಸಬಹುದು. ಒಂದು ವಾಕ್ಯ ಸಾಕು. ಆದರೆ ಬಸ್ಸು ಬಿಟ್ಟರೆ ಭೀಮಾ ನದಿಯ ಸೇತುವೆ ಬರುತ್ತದೆ, ಸೇತುವೆ ದಾಟಿದರೆ ಯಾದಗಿರಿ, ಯಾದಗಿರಿಯಲ್ಲಿ ಲ್ಯಾಬು, ಲ್ಯಾಬಿನಲ್ಲಿ ಒಂದು ಕಾಗದ, ಕಾಗದದಲ್ಲಿ ಒಂದು ಅಂಕಿ. ಆ ಅಂಕಿ ನನಗೆ ಗೊತ್ತಿಲ್ಲ. ಗೊತ್ತಿದ್ದವಳಂತೆ ಬರೆಯಬಲ್ಲೆ; ಅರ್ಧ ಹೇಳಿ ನಿಮ್ಮ ಮುಖದ ಮೇಲೆ ಬೆಳಕು ನೋಡಬಲ್ಲೆ. ಆ ಆಟ ಈ ಕಥೆಯಲ್ಲಿ ಒಮ್ಮೆ ಆಗಿದೆ, ಸಾಕು.

ಇಂಜಿನ್ ಚಾಲೂ ಇದೆ. ಡ್ರೈವರ್ ಹಾರ್ನ್ ಒತ್ತಿದ. ಬದುವಿನ ಮೇಲಿಂದ, ಇತ್ತ ತಿರುಗದೆಯೇ, ಖಂಡಪ್ಪನವರು ಇಡೀ ಗದ್ದೆಗೆ ಕೇಳುವಂತೆ ಕೂಗಿದರು:

“ಬಂದೆ, ಬಂದೆ! ಏ ಪರಿಮಳಾ, ಆ ಇನ್ನೊಂದು ನೀರಿನ ಬಾಟ್ಲಿ ತುಂಬಿಕೊಂಡು ಬಂದೀಯಿಲ್ಲ?”

“ತುಂಬೀನಿ ಅಪ್ಪಾ!”